ನೀರಿಳಿಯದ ಗುಂಡಿ

ಊಟದ ಹೊತ್ತಿನಲ್ಲಿ ಕಕ್ಕಸಿನ ಮಾತು ಎತ್ತಬಾರದು ಎಂಬುದು ಆ ಮನೆಯ ಹಳೆಯ ಕಟ್ಟಳೆ. ಅದನ್ನು ಮುರಿದವಳು ಚಿಕ್ಕ ಸೊಸೆ, ಅದೂ ಎಲ್ಲರ ತಟ್ಟೆಗೆ ಬಿಸಿ ಆಲೂಗಡ್ಡೆ ಬಿದ್ದ ಮೇಲೆ.

"ಅತ್ತೆ ಕೋಣೆಗೆ ಅಂಟಿಕೊಂಡ ಹಾಗೆ ಒಂದು ಶೌಚಾಲಯ ಕಟ್ಟಿಸೋಣ," ಅಂದಳು. "ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್ ಹಾಕಿಸಬೇಕು. ಅದಕ್ಕೆ ನಗರಸಭೆ ಪರ್ಮಿಟ್ ಬೇಕಂತೆ. ಅರ್ಜಿ ತಂದಿದೀನಿ."

"ಚಿಕ್ಕಮ್ಮ, ಊಟ ಮಾಡ್ತಾ ಇದೀವಿ," ಎಂದು ಹದಿನೈದು ವರ್ಷದ ಹುಡುಗಿ ಮೂಗು ಮುಚ್ಚಿಕೊಂಡಳು. ಅವಳು ದೊಡ್ಡ ಸೊಸೆಯ ಮಗಳು. ಪ್ರತಿ ಮಾತಿಗೂ ವಾದ ಹೂಡುವ ಅವಳನ್ನು ಮನೆಯವರೆಲ್ಲ ಕರೆಯುತ್ತಿದ್ದುದು ವಕೀಲೆ ಎಂದು.

"ಊಟ ಮಾಡೋದಕ್ಕೇ ಕಣೆ ಅದು ಬೇಕಾಗಿರೋದು," ಅಂದಳು ಅಜ್ಜಿ. ಎಲ್ಲರೂ ನಕ್ಕರು. ದೊಡ್ಡ ಸೊಸೆ ನಗಲಿಲ್ಲ.

ಆ ಬೀದಿಗೆ ಒಳಚರಂಡಿ ಇನ್ನೂ ಬಂದಿರಲಿಲ್ಲ. ಮನೆಯ ಹಳೆಯ ಕಕ್ಕಸು ಹಿತ್ತಲಿನ ಕೊನೆಯಲ್ಲಿತ್ತು. ನಲ್ಲಿ ದಾಟಿ, ಬಟ್ಟೆ ಒಣಗಿಸುವ ತಂತಿ ದಾಟಿ, ಅತ್ತೆಯ ಮಂಚದಿಂದ ಸರಿಯಾಗಿ ಐವತ್ತೆಂಟು ಹೆಜ್ಜೆ. ಈ ಲೆಕ್ಕ ದೊಡ್ಡವಳದು. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಇಪ್ಪತ್ತೈದು ವರ್ಷ ನೀರಿನಲ್ಲಿ ನಿಂತು ಅತ್ತೆ ಈ ಮನೆ ಕಟ್ಟಿಸಿದ್ದಳು. ಮನೆ ನಿಂತಿತು, ಮಂಡಿ ಕೂತಿತು. ಒಂಬತ್ತು ವರ್ಷದಿಂದ ಅತ್ತೆ ಹಿತ್ತಲಿಗೆ ಹೋಗುತ್ತಿದ್ದುದು ದೊಡ್ಡ ಸೊಸೆಯ ಕೈ ಹಿಡಿದುಕೊಂಡು. ಚಿಲಕ ಹಾಕಲು ಅವಳ ಕೈಗೆ ಎಟುಕದು, ಬಾಗಿಲನ್ನು ಹೊರಗಿನಿಂದ ಇವಳೇ ಒತ್ತಿ ಹಿಡಿದು ನಿಲ್ಲಬೇಕು.

ಕಷ್ಟದ ಕೆಲಸವೇ. ಆದರೆ ದೊಡ್ಡವಳಿಗೆ ಅದರ ಮೇಲೆ ಒಂದು ಹೇಳಲಾರದ ಮಮತೆ. ಮಂಚದ ಮೇಲೆ ಅತ್ತೆ ಅತ್ತೆಯೇ. ಆ ಐವತ್ತೆಂಟು ಹೆಜ್ಜೆಯಲ್ಲಿ ಮಾತ್ರ ಗೆಳತಿ. ಮಾವ ಬದುಕಿದ್ದಾಗ ಎಷ್ಟು ಸಲ ಸುಳ್ಳು ಹೇಳಿದ್ದ, ಕಿರಿಯ ಮಗ ಶಾಲೆಯಲ್ಲಿ ಯಾರ ಪುಸ್ತಕ ಕದ್ದಿದ್ದ, ಬೀರುವಿನ ಬೀಗದ ಕೈ ನಿಜವಾಗಿ ಎಲ್ಲಿದೆ, ಎಲ್ಲ ಅವಳಿಗೆ ಗೊತ್ತಾದದ್ದು ಆ ದಾರಿಯಲ್ಲಿ. ಬಂದು ಎರಡು ವರ್ಷವಾದ ಚಿಕ್ಕ ಸೊಸೆಗೆ ಇದರಲ್ಲಿ ಒಂದು ಚೂರೂ ಗೊತ್ತಿರಲಿಲ್ಲ. ಅವಳು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಅರ್ಜಿ, ನಮೂನೆ, ಮೊಹರು ಅಂದರೆ ನೀರು ಕುಡಿದಷ್ಟು ಸಲೀಸು.

ನೀರು ಅಂದಾಗ ಒಂದು ಮಾತು. ಸಂಜೆಯ ಚಹಾ ಆದ ಮೇಲೆ ಅತ್ತೆ ನೀರು ಮುಟ್ಟುತ್ತಿರಲಿಲ್ಲ. ದೊಡ್ಡವಳು ದಿನಾ ಸಂಜೆ ಮಂಚದ ಪಕ್ಕ ತಂಬಿಗೆ ತುಂಬಿಸಿಡುವಳು, ಬೆಳಿಗ್ಗೆ ಅದನ್ನು ಹಾಗೇ ತಂದು ಮೆಣಸಿನ ಗಿಡಕ್ಕೆ ಸುರಿಯುವಳು. ವಯಸ್ಸಾದವರಿಗೆ ಬಾಯಾರಿಕೆ ಕಡಿಮೆ ಎಂದುಕೊಂಡಿದ್ದಳು.

ಅರ್ಜಿ ಒಂಬತ್ತು ಪುಟ. ನಾಲ್ಕು ವಾರ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಟ್ಯಾಂಕಿಗೂ ಗೋಡೆಗೂ ಎಷ್ಟು ದೂರ, ಪಕ್ಕದವರ ಬಾವಿಗೂ ಟ್ಯಾಂಕಿಗೂ ಎಷ್ಟು ದೂರ. ಬಣ್ಣ ಬಳಿಯುವ ಕೆಲಸದ ಚಿಕ್ಕ ಮಗ ಹಿತ್ತಲಿನ ನಕ್ಷೆ ಬರೆದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ದೊಡ್ಡ ಮಗ ಟೇಪು ಹಿಡಿದು ಅಳೆದ. ಪಕ್ಕದ ಮನೆಯ ದರ್ಜಿಯ ಒಪ್ಪಿಗೆ ಸಹಿ ಮಾತ್ರ ಬೇಕಿತ್ತು. ಬಾವಿ ಅವನದು, ಆಸಾಮಿ ಮಹಾ ತರಲೆ.

"ಅವನ ಹತ್ರ ನಾನು ಹೋಗಲ್ಲಪ್ಪ," ಅಂದಳು ಚಿಕ್ಕವಳು. "ಹೋದ್ರೆ ಕೂರಿಸಿಕೊಂಡು ಇಡೀ ವಂಶದ ಕತೆ ಹೇಳ್ತಾನೆ."

ಹೋದವಳು ದೊಡ್ಡವಳು. ಎರಡು ಮಧ್ಯಾಹ್ನ ಅವನ ಅಂಗಡಿಯಲ್ಲಿ ಕೂತು, ಕಣ್ಣು ಉರಿಯುವವರೆಗೆ ಕೋಟುಗಳಿಗೆ ಕಾಜ ಹೊಲಿದುಕೊಟ್ಟು, ವಂಶದ ಕತೆಯನ್ನೂ ಕೇಳಿ ಸಹಿ ತಂದಳು. ಕಾಗದವನ್ನು ಅತ್ತೆಯ ಮುಂದೆ ಹಿಡಿದಳು.

ಅತ್ತೆ ನೋಡಿ ತಲೆದೂಗಿದಳು. "ಚಿಕ್ಕವಳು ಅಷ್ಟು ಅಚ್ಚುಕಟ್ಟಾಗಿ ಬರೆದಿರೋ ಅರ್ಜಿ. ಯಾರು ತಾನೆ ಇಲ್ಲ ಅಂತಾರೆ?"



"ದುಡಿಯೋದು ಒಬ್ಬರು, ಹೊಗಳಿಸಿಕೊಳ್ಳೋದು ಇನ್ನೊಬ್ಬರು," ಎಂದು ದೊಡ್ಡವಳು ಆ ದಿನ ಪಾತ್ರೆಗಳಿಗೆ ಹೇಳಿದಳು. ಪಾತ್ರೆಗಳು ಜೋರಾಗಿಯೇ ಉತ್ತರ ಕೊಟ್ಟವು.

"ಏನಾಯ್ತೇ?" ಎಂದ ಗಂಡ.

"ಏನಿಲ್ಲ. ನಿಮ್ಮ ತಮ್ಮನ ಹೆಂಡತಿ ಬಂದ ಮೇಲೆ ಈ ಮನೆಗೆ ತಲೆ ಬಂತಂತೆ. ನಾನು ಬಂದಾಗ ಬಂದಿದ್ದು ಬರೀ ಕೈಕಾಲು."

"ಯಾರಂದ್ರು ಹಾಗಂತ?"

"ಯಾರೂ ಅನ್ನಲಿಲ್ಲ. ಅನ್ನಬೇಕಾ?"

ಗಂಡ ಮೆಲ್ಲನೆ ಅಂಗಳಕ್ಕೆ ಜಾರಿಕೊಂಡ. ಹದಿನಾರು ವರ್ಷದ ಸಂಸಾರದಲ್ಲಿ ಅವನು ಕಲಿತ ವಿದ್ಯೆ ಅದೊಂದೇ, ಅದರಲ್ಲಿ ಪಳಗಿದ್ದ.

ಮುಂದಿನ ವಾರ ನಗರಸಭೆಯ ಇನ್ಸ್‌ಪೆಕ್ಟರ್ ಬಂದ. ಬೀದಿಯವರೆಲ್ಲ ಅವನಿಗೆ ಇಟ್ಟ ಹೆಸರು ಇಂಗುಗುಂಡಿ ಸಾಹೇಬ. ಒಂದು ಕೈಯಲ್ಲಿ ಅಳತೆಕೋಲು, ಇನ್ನೊಂದರಲ್ಲಿ ಮಡಚಿದ ಕುರ್ಚಿ. ಎಲ್ಲಿ ಬೇಕಾದರೂ ಬಿಡಿಸಿ ಕೂರುತ್ತಿದ್ದ. ಅಣ್ಣ ತಮ್ಮ ಬೆಳಿಗ್ಗೆಯೇ ಹಿತ್ತಲಲ್ಲಿ ಎರಡು ಗುಂಡಿ ತೋಡಿದ್ದರು. ತೋಳುದ್ದ ಆಳ, ಗೇಣಗಲ.

"ನೋಡಿಯಮ್ಮ," ಎಂದು ಅವನು ವಿವರಿಸಿದ. "ಟ್ಯಾಂಕಿಂದ ಹೊರಗೆ ಬರೋ ನೀರನ್ನ ಕುಡಿಯೋದು ಮಣ್ಣು. ಆ ಮಣ್ಣಿಗೆ ಬಾಯಾರಿಕೆ ಇದೆಯೋ ಇಲ್ವೋ ನೋಡಬೇಕು. ಇವತ್ತು ಸಂಜೆವರೆಗೂ ಈ ಗುಂಡಿ ಎರಡೂ ತುಂಬಿರಲಿ, ಬತ್ತಬಾರದು. ನಾಳೆ ಬಂದು ಅರ್ಧ ಗಂಟೆಗೆ ನೀರು ಎಷ್ಟು ಇಳಿಯುತ್ತೆ ಅಂತ ಅಳೀತೀನಿ. ಮತ್ತೆ ಒಂದು ಮಾತು, ಗುದ್ದಲಿ ಏಟಿಗೆ ಒಳಗೋಡೆ ನುಣುಪಾಗಿರುತ್ತೆ. ಫೋರ್ಕ್ ತಗೊಂಡು ಚೆನ್ನಾಗಿ ಕೆರೆದುಬಿಡಿ. ನುಣುಪು ಮಣ್ಣು ನೀರು ಬಿಡಲ್ಲ."

"ಅದನ್ನ ನನಗೆ ಹೇಳಿಕೊಡಬೇಕಾ?" ಅಂದಳು ದೊಡ್ಡವಳು. "ನಮ್ಮಪ್ಪ ಕುಂಬಾರ."

"ಹಾಗಾದ್ರೆ ಉಸ್ತುವಾರಿ ನಿಮ್ಮದೇ," ಎಂದು ಸಾಹೇಬ ಕುರ್ಚಿ ಮಡಚಿದ. ಗಂಡ ಫೋರ್ಕಿನಿಂದ ಗೋಡೆ ಕೆರೆದು ಡಿಪೋಗೆ ಹೊರಟ. ಮೈದುನನೂ ವಕೀಲೆಯೂ ಹೊರಟರು. ದೊಡ್ಡವಳು ಬಕೆಟ್ಟಿನಲ್ಲಿ ನೀರು ಹೊತ್ತಳು.

ಆರನೇ ಬಕೆಟ್ಟಿಗೋ ಏಳನೆಯದಕ್ಕೋ ಅತ್ತೆಯ ಕೋಣೆಯಿಂದ ನಗು ಕೇಳಿತು. ಚಿಕ್ಕವಳು ಆಫೀಸಿಗೆ ಹೊರಡುವ ಮುಂಚೆ ಮಂಚದ ಮೇಲೆ ಕೂತು ಯಾವುದೋ ಚಿತ್ರ ತೋರಿಸುತ್ತಿದ್ದಳು.

"ಇಲ್ಲಿ ನೋಡಿ ಅತ್ತೆ, ಗೋಡೆಗೆ ಎರಡೂ ಕಡೆ ಸ್ಟೀಲ್ ಹಿಡಿ ಬರುತ್ತೆ. ಅದನ್ನ ಹಿಡ್ಕೊಂಡು ನೀವೇ ಕೂರಬಹುದು, ನೀವೇ ಏಳಬಹುದು. ಇನ್ನು ಯಾರ ಕೈಯೂ ಬೇಡ ನಿಮಗೆ."

"ಯಾರ ಕೈಯೂ ಬೇಡ ಅಲ್ವಾ," ಅಂದಳು ಅತ್ತೆ. ಅವಳ ದನಿಯಲ್ಲಿ ಅಷ್ಟೊಂದು ಸಂತೋಷವನ್ನು ದೊಡ್ಡವಳು ಎಂದೂ ಕೇಳಿರಲಿಲ್ಲ.

ಬಕೆಟ್ಟು ಕೈಯಲ್ಲೇ ನಿಂತಿತು. ಒಂಬತ್ತು ವರ್ಷ. ಮಗಳಿಗೆ ಜ್ವರ ಬಂದಾಗಲೂ, ತನಗೇ ಸೊಂಟ ಹಿಡಿದಾಗಲೂ ಕೊಟ್ಟ ಕೈ. ಎರಡು ಕಬ್ಬಿಣದ ತುಂಡು ಬಂದು ಅದನ್ನು ಬೇಡ ಅನ್ನಿಸಿತು.

ಚಿಕ್ಕವಳು ಆಫೀಸಿಗೆ ಹೋದಳು. ಮನೆ ಖಾಲಿಯಾಯಿತು. ದೊಡ್ಡವಳು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತೋಳಿನ ಬಟ್ಟೆ ಮೇಲಕ್ಕೆ ಮಡಚಿದಳು. ಒಳಗಿನ ನೀರನ್ನು ಚೊಂಬಿನಿಂದ ಮೊಗೆದು ಹಾಕಿ, ಗುಂಡಿಯ ತಳದ ಜಿಗಟು ಮಣ್ಣನ್ನು ಬೆರಳಲ್ಲಿ ಬಳಿದು ಗೋಡೆಗೆ ಹಚ್ಚಿ, ಒದ್ದೆ ಅಂಗೈಯಿಂದ ಸುತ್ತಲೂ ಸವರಿದಳು. ಅಪ್ಪ ಹೂಜಿಯ ಒಳಮೈ ಸವರುತ್ತಿದ್ದದ್ದು ಹೀಗೆಯೇ, ಒಂದೇ ಸಮನೆ, ಕೈ ಎತ್ತದೆ. ಮೊದಲನೆಯ ಗುಂಡಿ, ಆಮೇಲೆ ಎರಡನೆಯದು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅಪ್ಪ ಹೇಳುತ್ತಿದ್ದ. ಕುಂಬಾರನ ಮಗಳು ಇವತ್ತು ದೊಣ್ಣೆಯಾದಳು. ಗುಂಡಿಗಳಿಗೆ ಮತ್ತೆ ನೀರು ತುಂಬಿಸಿ, ಕೈ ತೊಳೆದುಕೊಂಡು ಒಳಗೆ ಹೋಗಿ ಹುರುಳಿಕಾಯಿ ಹೆಚ್ಚಲು ಕೂತಳು.

ಮರುದಿನ ಸಾಹೇಬ ಕುರ್ಚಿ ಬಿಡಿಸಿ ನಾಲ್ಕು ಗಂಟೆ ಕೂತ, ನಾಲ್ಕು ಲೋಟ ಚಹಾ ಕುಡಿದ. ಚಹಾ ಇಳಿಯಿತೇ ಹೊರತು ಗುಂಡಿಯ ನೀರು ಇಳಿಯಲಿಲ್ಲ.

"ವಿಚಿತ್ರ," ಎಂದು ಕೋಲು ಅದ್ದಿ ನೋಡಿದ. "ಮೇಲ್ಮಣ್ಣು ನೋಡಿದ್ರೆ ಹೀಗಾಗಬಾರದು. ಯಾರೋ ಸರಿಯಾಗಿ ಕೆರೆದಿಲ್ಲ ಅನ್ಸುತ್ತೆ."

ದೊಡ್ಡವಳು ಎರಡೂ ಕೈಯನ್ನು ಟವೆಲಿನೊಳಗೆ ಮುಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಕಾಗದದ ಮೇಲೆ ಫೇಲ್ ಅಂತಲೇ ಬರೀಬೇಕು," ಅಂದ ಸಾಹೇಬ. "ಎಂಟು ವಾರ ಬಿಟ್ಟು ಇನ್ನೊಂದು ಸಲ ಅರ್ಜಿ ಹಾಕಬಹುದು. ಒಂದೇ ಸಲ. ಆಗಲೂ ಫೇಲಾದ್ರೆ ಜಾಗಾನೇ ಅನರ್ಹ ಅಂತ ಬರೆದುಬಿಡ್ತಾರೆ, ಮತ್ತೆ ಈ ಹಿತ್ತಲಲ್ಲಿ ಟ್ಯಾಂಕಿನ ಮಾತೇ ಇಲ್ಲ."

ದೊಡ್ಡವಳಿಗೆ ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತು. ಅದು ಊಟದ ಹೊತ್ತಿನವರೆಗೆ.

"ನೀನು ಕೆರೆದಿದ್ದು ಫೋರ್ಕಲ್ಲೋ, ಬೆರಳಲ್ಲೋ?" ಎಂದ ತಮ್ಮ.

"ನೀನು ತೋಡಿದ್ದು ಗುದ್ದಲೀಲೋ, ಬಣ್ಣದ ಬ್ರಷ್ಷಲ್ಲೋ?" ಎಂದ ಅಣ್ಣ.

"ಸಾಕು ನಿಲ್ಸಿ," ಅಂದಳು ಅತ್ತೆ. "ಮಣ್ಣು ಮಾಡಿದ್ದಕ್ಕೆ ಮಕ್ಕಳು ಯಾಕೆ ಜಗಳ ಆಡ್ತೀರಿ?"

ಚಿಕ್ಕವಳು ತಟ್ಟೆಯ ಮುಂದೆ ಕೂತೇ ಅತ್ತಳು. ಬಿಕ್ಕಲಿಲ್ಲ, ಕಣ್ಣೀರು ಸುಮ್ಮನೆ ಅನ್ನದ ಮೇಲೆ ಬಿತ್ತು. ದೊಡ್ಡವಳು ಬಯಸಿದ್ದು ಇದನ್ನೇ. ಈಗ ನೋಡಲು ಆಗಲಿಲ್ಲ, ಇಲ್ಲದ ಉಪ್ಪಿನಡಬ್ಬಿ ಹುಡುಕಲು ಎದ್ದು ಹೋದಳು.

ವಾರಗಳು ಕಳೆದವು. ಐವತ್ತೆಂಟು ಹೆಜ್ಜೆ ಮತ್ತೆ ಅವಳದೇ ಆಯಿತು. ಆದರೆ ಅತ್ತೆ ದಾರಿಯಲ್ಲಿ ಮಾತಾಡುವುದು ಬಿಟ್ಟಿದ್ದಳು. ಹೋಗುವಾಗ ಕೈ ಹಿಡಿಯುತ್ತಿದ್ದಳು, ಬರುವಾಗ ಹಿಡಿಯುತ್ತಿದ್ದಳು, ಅಷ್ಟೇ.

"ಮಂಡಿ ಜಾಸ್ತಿ ನೋಯ್ತಿದೆಯಾ ಅತ್ತೆ?"

"ಇಲ್ಲ."

"ಮತ್ತೆ ಯಾಕೆ ಸುಮ್ಮನಿದೀರಿ?"

"ನಡೆಯೋದು ಕಾಲು. ಬಾಯಿಗೇನು ಕೆಲಸ?"

ಐದನೇ ವಾರ ಚಳಿ ಶುರುವಾಯಿತು. ಅತ್ತೆಗೆ ಜ್ವರ ಬಂತು. ಮೊದಲು ಶೀತ ಅಂದುಕೊಂಡರು. ಮೂರನೇ ದಿನ ಅವಳು ಮಗನನ್ನು ವಕೀಲೆ ಎಂದು ಕರೆದಾಗ ಎಲ್ಲರೂ ಹೆದರಿ ಡಾಕ್ಟರಮ್ಮನನ್ನು ಕರೆಸಿದರು.

"ಮೂತ್ರಕೋಶದ ಸೋಂಕು," ಅಂದಳು ಡಾಕ್ಟರಮ್ಮ. "ಮೈಯಲ್ಲಿ ನೀರೇ ಇಲ್ಲ. ಇವರಿಗೆ ಕುಡಿಯೋಕೆ ನೀರು ಕೊಡ್ತಿಲ್ವಾ?"

ದೊಡ್ಡವಳಿಗೆ ಮುಖಕ್ಕೆ ಹೊಡೆದಂತಾಯಿತು. "ದಿನಾ ತಂಬಿಗೆ ತುಂಬಾ ಇಡ್ತೀನಿ ಡಾಕ್ಟರಮ್ಮ. ಅವರೇ ಮುಟ್ಟಲ್ಲ."

"ಯಾಕೆ ಅಂತ ಕೇಳಿದೀರಾ ಯಾವತ್ತಾದ್ರೂ?"

ಕೇಳಿರಲಿಲ್ಲ. ಒಂಬತ್ತು ವರ್ಷ ಮೆಣಸಿನ ಗಿಡ ಆ ನೀರು ಕುಡಿದು ಕಾಯಿ ಬಿಟ್ಟಿತ್ತು, ಇವಳು ಕಿತ್ತು ಅಡುಗೆಗೆ ಹಾಕಿದ್ದಳು.

ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಹಿತ್ತಲಿಗೆ ಹೊರಟರು. ಬಟ್ಟೆ ಒಣಗಿಸುವ ತಂತಿಯ ಹತ್ತಿರ ಅತ್ತೆ ಏದುಸಿರು ಬಿಡುತ್ತಾ ನಿಂತಳು. ದೊಡ್ಡವಳು ಅಲ್ಲಿಯೇ ಕೇಳಿದಳು.

"ಸಂಜೆ ಮೇಲೆ ನೀರು ಯಾಕೆ ಕುಡಿಯಲ್ಲ ಅತ್ತೆ?"

"ಕುಡಿದ್ರೆ ರಾತ್ರಿ ಏಳಬೇಕು. ಎದ್ರೆ ನಿನ್ನ ಏಳಿಸಬೇಕು. ಬಾಗಿಲಾಚೆ ನೀನು ನಿಂತಿರ್ತೀಯ, ಆಕಳಿಸ್ತಿರ್ತೀಯ. ಒಳಗೆ ಕೂತೋಳಿಗೆ ಎಲ್ಲ ಕೇಳ್ಸುತ್ತೆ ಕಣೆ. ನಿನಗೂ ಎಲ್ಲ ಕೇಳ್ಸುತ್ತೆ." ಅತ್ತೆ ತಂತಿಯನ್ನು ಹಿಡಿದುಕೊಂಡಳು. "ಒಂಬತ್ತು ವರ್ಷದಲ್ಲಿ ಒಂದು ದಿನಾನೂ ನಾಚಿಕೆ ಇಲ್ಲದೆ ಈ ದಾರೀಲಿ ನಡೆದಿಲ್ಲ ನಾನು. ಆ ನಾಚಿಕೆ ಮುಚ್ಚೋಕೇ ಏನೇನೋ ಕತೆ ಹೇಳ್ತಿದ್ದೆ."

ದೊಡ್ಡವಳು ತಂತಿಯ ಮೇಲಿದ್ದ ಒಂದು ಟವೆಲನ್ನು ಎಳೆದು ಸರಿಮಾಡಿದಳು.

"ನನ್ನ ಕೋಣೆ ಕಿಟಕಿ ಇರೋದು ಹಿತ್ತಲ ಕಡೆಗೇ," ಅಂದಳು ಅತ್ತೆ ಇನ್ನೂ ಮೆಲ್ಲಗೆ. "ಅವತ್ತು ನೀನು ತೋಳು ಮಡಚಿ ಗುಂಡಿ ಮುಂದೆ ಕೂತಿದ್ದೆ."

"ನೋಡಿದ್ರಾ? ನೋಡಿಯೂ ಯಾಕೆ ಹೇಳಲಿಲ್ಲ ಯಾರಿಗೂ?"

"ಹೇಳಿದ್ರೆ ಮಾರನೇ ದಿನದಿಂದ ನನ್ನ ಕೈ ಯಾರು ಹಿಡೀತಿದ್ರು?"

ಅತ್ತೆ ತಂತಿ ಬಿಟ್ಟು ಕೈ ಚಾಚಿದಳು. ಬೇರೆ ದಾರಿ ಇರಲಿಲ್ಲ, ಇನ್ನೂ ಇಪ್ಪತ್ತಾರು ಹೆಜ್ಜೆ ಉಳಿದಿತ್ತು. ಆ ಇಪ್ಪತ್ತಾರು ಹೆಜ್ಜೆಯಷ್ಟು ದೂರ ದೊಡ್ಡವಳು ತನ್ನ ಜನ್ಮದಲ್ಲಿ ನಡೆದಿರಲಿಲ್ಲ.

ಆ ಸಂಜೆ ಚಿಕ್ಕವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ದೊಡ್ಡವಳು ಎದುರಿಗೆ ಬಂದು ಕೂತಳು.

"ಇವತ್ತಿಗೆ ಎಂಟು ವಾರ ಮುಗೀತು. ಅರ್ಜಿ ಹಾಕು."

"ನನಗೆ ಧೈರ್ಯ ಇಲ್ಲ ಅಕ್ಕ. ಮತ್ತೆ ಫೇಲಾದ್ರೆ ಶಾಶ್ವತವಾಗಿ ಬಾಗಿಲು ಮುಚ್ಚಿದ ಹಾಗೆ."

"ಫೇಲಾಗಲ್ಲ."

"ನಿಮಗೇನು ಗೊತ್ತು?"

"ಹೋದ ಸಲ ಗೋಡೆ ಸವರಿದ್ದು ನಾನು. ಈ ಕೈಯಲ್ಲೇ."

ಚಿಕ್ಕವಳ ಕೈಯಿಂದ ಸೊಪ್ಪು ಜಾರಿತು. ಅವಳು ಎದ್ದು ನಿಂತಳು, ಮತ್ತೆ ಕೂತಳು. "ಹೊಟ್ಟೆಕಿಚ್ಚಾ ಅಕ್ಕ?"

"ಹೌದು."

"ಹೌದು ಅಂತ ಮುಖ ನೋಡ್ಕೊಂಡು ಹೇಳ್ತೀರಲ್ಲ!"

"ಇನ್ನು ಬೆನ್ನು ಮಾಡ್ಕೊಂಡು ಹೇಳಲಾ?"

"ನಿಮಗೊಬ್ಬರಿಗೇ ಇದೆ ಅಂದ್ಕೊಂಡಿದೀರಾ ಹೊಟ್ಟೆಕಿಚ್ಚು?" ಚಿಕ್ಕವಳ ದನಿ ಏರಿತು. "ಬಂದ ಹೊಸದರಲ್ಲಿ ನಾನು ಎಷ್ಟು ಸಲ ಹೋಗಿ ಕೈ ಚಾಚಿದೀನಿ ಗೊತ್ತಾ? 'ನಿನ್ನ ಕೈ ಬೇಡ, ದೊಡ್ಡವಳು ಬರಲಿ' ಅಂತಿದ್ರು. ನೀವು ಸಂತೆಗೆ ಹೋಗಿದ್ರೆ ನೀವು ಬರೋವರೆಗೂ ಹಲ್ಲು ಕಚ್ಕೊಂಡು ಕೂತಿರ್ತಿದ್ರು, ನನ್ನ ಕರೀತಿರಲಿಲ್ಲ. ಕೈಯಂತೂ ಹಿಡಿಯಲ್ಲ, ಗೋಡೆಗೆ ಹಿಡಿಯಾದ್ರೂ ಹಾಕಿಸೋಣ ಅಂತ ಆ ಅರ್ಜಿ ತಂದಿದ್ದು. ನಾಲ್ಕು ವಾರ ಒದ್ದಾಡಿದೆ. ನೀವು ಅರ್ಧ ದಿನದಲ್ಲಿ ಸವರಿಬಿಟ್ರಿ."

"ಅರ್ಧ ಗಂಟೆ," ಅಂದಳು ದೊಡ್ಡವಳು. ಸುಳ್ಳು ಯಾಕೆ ಹೇಳಬೇಕು.

"ಎರಡು ವಾರ ನಾನು ನಿಮ್ಮ ಹತ್ರ ಮಾತಾಡಲ್ಲ."

"ಆಗಲಿ. ಅರ್ಜಿ ಮಾತ್ರ ನಾಳೆ ಹಾಕು."

ಗುಮಾಸ್ತೆ ಮಾತಿಗೆ ತಪ್ಪುವವಳಲ್ಲ. ಅರ್ಜಿ ಮರುದಿನವೇ ಹೋಯಿತು. ಎರಡು ವಾರ ಅಂದರೆ ಲೆಕ್ಕ ಹಾಕಿ ಹದಿನಾಲ್ಕು ದಿನ ಮಾತು ನಿಂತಿತು. ನಡುವೆ ಸಿಕ್ಕಿಕೊಂಡವಳು ವಕೀಲೆ.

"ನಿಮ್ಮಮ್ಮನಿಗೆ ಹೇಳು, ಪಲ್ಯಕ್ಕೆ ಉಪ್ಪು ಕಡಿಮೆ."

"ನಿಮ್ಮ ಚಿಕ್ಕಮ್ಮನಿಗೆ ಹೇಳು, ಉಪ್ಪು ಅಲ್ಲೇ ಪಕ್ಕದಲ್ಲಿದೆ."

"ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದೀರಿ!" ಎಂದು ಕಿರುಚಿದಳು ವಕೀಲೆ. "ಅಜ್ಜೀ, ಇವರಿಗೇನಾಗಿದೆ?"

"ಒಂದೇ ಕಾಯಿಲೆ," ಅಂದಳು ಅಜ್ಜಿ. "ಇಬ್ಬರಿಗೂ."

ಹದಿನೈದನೇ ದಿನ ಸಾಹೇಬ ಗುಂಡಿ ನೋಡಲು ಬಂದ. ಈ ಸಲ ದೊಡ್ಡವಳು ಫೋರ್ಕನ್ನು ಗಂಡನ ಕೈಗೆ ಕೊಡಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೆ ತೋಳು ಇಳಿಬಿಟ್ಟು, ಗೋಡೆಯ ಮಣ್ಣು ಪುಡಿಪುಡಿಯಾಗಿ ಉದುರುವವರೆಗೆ ಕೆರೆದಳು. ತಳದ ಕೆಸರನ್ನು ಬೊಗಸೆಯಲ್ಲಿ ಎತ್ತಿ ಹೊರಗೆ ಹಾಕಿದಳು.

"ಕೈ ಕೆಸರಾದರೆ ಬಾಯಿ ಮೊಸರು," ಎಂದ ಸಾಹೇಬ ಕುರ್ಚಿಯಿಂದ.

"ಬಾಯಿಗೇನೂ ಬೇಡ ಸಾಹೇಬ್ರೆ. ನೀರು ಇಳಿದ್ರೆ ಸಾಕು."

ಚಿಕ್ಕವಳು ರಜೆ ಹಾಕಿದ್ದಳು. ಮಾತಿಲ್ಲದೆ ಬಂದು ನೀರಿನ ಬಕೆಟ್ಟು ಎತ್ತಿದಳು. ದಿನವಿಡೀ ಇಬ್ಬರೂ ಹೊತ್ತು ತುಂಬಿಸಿದರು. ಸಂಜೆಯ ಕೊನೆಯ ಬಕೆಟ್ಟಿಗೆ ಅವಳು ಅಂದಳು, "ಅಕ್ಕ, ಹುಷಾರು, ಜಾರುತ್ತೆ." ಹದಿನಾಲ್ಕು ದಿನದ ಮೇಲೆ ಒಂದು ದಿನ ಹೆಚ್ಚೇ ಆಗಿತ್ತು.

ಮರುದಿನ ಎರಡೂ ಗುಂಡಿಯ ನೀರು ಅರ್ಧ ಗಂಟೆಗೆ ಮೂರು ಬೆರಳು ಇಳಿಯಿತು. ಪ್ರತಿ ಸಲ ಸಾಹೇಬ ಕೋಲು ಎತ್ತಿದಾಗಲೂ ಇಬ್ಬರೂ ಸೊಸೆಯರು ಬಗ್ಗಿ ನೋಡಿದರು, ತಲೆಗೆ ತಲೆ ಬಡಿಯಿತು. ಹತ್ತು ದಿನಕ್ಕೆ ಪರ್ಮಿಟ್ ಬಂತು, ನೀಲಿ ಮೊಹರಿನ ಒಂದು ಹಾಳೆ. ಅತ್ತೆ ಅದನ್ನು ಚಿಕ್ಕವಳಿಂದ ಎರಡು ಸಲ ಓದಿಸಿ, ಮಡಚಿ, ಬೀಗ ಹಾಕುವ ಬೀರುವಿನಲ್ಲಿ ಇಡಲು ದೊಡ್ಡವಳ ಕೈಗೆ ಕೊಟ್ಟಳು. ಚಿಕ್ಕವಳು ಅದನ್ನೂ ನೋಡಿದಳು, ತುಟಿ ಬಿಗಿದಳು. ಕಾಯಿಲೆ ಅಷ್ಟು ಬೇಗ ವಾಸಿಯಾಗುವಂಥದಲ್ಲ.

ಟ್ಯಾಂಕ್ ಇಳಿಯಿತು, ಗೋಡೆ ಎದ್ದಿತು, ಸ್ಟೀಲಿನ ಹಿಡಿ ಬಂತು. ಬಾಗಿಲಿನ ಚಿಲಕ ಮಾತ್ರ ದೊಡ್ಡವಳು ಹೇಳಿ ಹಾಕಿಸಿದ್ದು, ಅತ್ತೆ ಕೂತಲ್ಲಿಂದ ಕೈಗೆ ಎಟುಕುವಷ್ಟು ಕೆಳಗೆ.

ಮೊದಲನೇ ಸಂಜೆ ಅತ್ತೆ ಮಂಚದಿಂದ ಎದ್ದಳು. ದೊಡ್ಡವಳ ಕೈ ತಾನಾಗಿ ಮುಂದೆ ಚಾಚಿತು. ಅತ್ತೆ ಅದನ್ನು ನೋಡಿದಳು, ಗೋಡೆ ಹಿಡಿದಳು, ನಾಲ್ಕು ಹೆಜ್ಜೆ ನಡೆದು ಒಳಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು.

ದೊಡ್ಡವಳು ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಲ್ಲೇ ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕವಳು ನಿಂತಿದ್ದಳು.

"ಹೊರಗೆ ಯಾರು ನಿಂತಿರೋದು?" ಎಂದು ಒಳಗಿನಿಂದ ಕೇಳಿತು.

"ನಾನೇ ಅತ್ತೆ."

"ಕಾಯಬೇಡ ಹೋಗು. ಆ ತಂಬಿಗೆ ನೀರು ಹಳೇದು, ಗಿಡಕ್ಕೆ ಹಾಕಿ ಬೇರೆ ತುಂಬಿಸಿಡು. ಬಂದ ಮೇಲೆ ಕುಡೀತೀನಿ."

ಚಿಕ್ಕವಳು ತಂಬಿಗೆಯ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದಳು ಅಷ್ಟೇ. ಅಷ್ಟರಲ್ಲಿ ದೊಡ್ಡವಳು ಅದನ್ನು ಎತ್ತಿಕೊಂಡು ನಲ್ಲಿಯ ಕಡೆಗೆ ಓಡಿಯಾಗಿತ್ತು.